ಪ್ರತಿಕ್ರಿಯೆ: ಸೇಡಂ ಕಡೆ ಸಿಮೆಂಟ್‌ಗೆ ಬಳಸೋ ಸುಣ್ಣದಕಲ್ಲು, ಕೋರ್‌ನಲ್ಲಿ (ಡ್ರಿಲ್ ಮಾಡಿ ತೆಗೆದ ಕಲ್ಲಿನ ಕಂಬ) ಕ್ಯಾಲ್ಸಿಯಂ ಆಕ್ಸೈಡ್ 46%, ಬ್ಲಾಸ್ಟ್ ಹೋಲ್ (ಸಿಡಿಮದ್ದು ತುಂಬೋ ರಂಧ್ರ) ಕೊರೆದಾಗ ಬಂದ ಪುಡಿಯಲ್ಲಿ 42% ಯಾಕೆ?

ಲ್ಯಾಬ್ ತಪ್ಪಿಗಿಂತ ಹೆಚ್ಚಾಗಿ ಇದು ಜೇಡಿಮಣ್ಣಿನ ಕೆಲಸ. ಆ ಕಡೆ ಕಲ್ಲು ಪದರ ಪದರ, ಸಂದಿನಲ್ಲೆಲ್ಲ ಮಣ್ಣು ಕೂತಿರುತ್ತೆ, ಕೋರ್ ಡ್ರಿಲ್ಲಿಂಗ್‌ನಲ್ಲಿ ನೀರು ಬಿಟ್ಟಾಗ ಆ ಮಣ್ಣು ತೊಳೆದು ಹೋಗಿ ಗಟ್ಟಿ ಕಲ್ಲು ಮಾತ್ರ ಬಾಕ್ಸಿಗೆ ಬರುತ್ತೆ, ಹಾಗಾಗಿ 46 ತೋರಿಸುತ್ತೆ. ಆದ್ರೆ ಕ್ರಷರ್‌ಗೆ ಹೋಗೋದು ಮಣ್ಣೂ ಸೇರಿದ ಕಲ್ಲೇ.

ಮೊದಲು ಡ್ರಿಲ್ ಲಾಗ್ ತೆಗೆದು ಕೋರ್ ರಿಕವರಿ (ಕೊರೆದ ಉದ್ದದಲ್ಲಿ ಎಷ್ಟು ಭಾಗ ಕೋರ್ ಆಗಿ ಕೈಗೆ ಸಿಕ್ತು ಅನ್ನೋದು) ನೋಡಿ, 90%ಗಿಂತ ಕಮ್ಮಿ ಇರೋ ಮೀಟರ್‌ಗಳ ರಿಪೋರ್ಟ್ ನಂಬಬೇಡಿ. ಆಮೇಲೆ ಎರಡೂ ರಿಪೋರ್ಟ್ ಪಕ್ಕ ಇಟ್ಟು ಸಿಲಿಕಾ ಜೊತೆ ಅಲ್ಯುಮಿನಾನೂ ಏರಿದ್ಯಾ ನೋಡಿ. ಎರಡೂ ಏರಿದ್ರೆ ಮಣ್ಣು, ಬರೀ ಸಿಲಿಕಾ ಏರಿದ್ರೆ ಕಲ್ಲೇ ಸಿಲಿಕಾದ್ದು, ಅದನ್ನ ಜರಡಿ ಹಿಡಿದು ಸರಿ ಮಾಡಕ್ಕಾಗಲ್ಲ.

ನೀವು ಪುಡಿ ಹೇಗೆ ತೆಗೆದ್ರಿ ಅಂತ ಬರೆದಿಲ್ಲ, ಹೋಲ್ ಬಾಯಿಂದ ಎರೆಮಣ್ಣು ಒಳಗೆ ಬಿದ್ದಿದ್ರೂ ಹೀಗೇ ಆಗುತ್ತೆ. ಬಾಯಿ ಸುತ್ತ ಮಣ್ಣು ಪೂರ್ತಿ ಕ್ಲೀನ್ ಮಾಡಿಸಿ, ಪುಡಿ ಗುಡ್ಡೆಯನ್ನ ಮೇಲಿಂದ ತಳದವರೆಗೆ ಸೀಳಿ ಸ್ಯಾಂಪಲ್ ತಗೊಳ್ಳಿ, ಮೇಲಿನ ಹಿಡಿ ಪುಡಿ ಬೇಡ.

ಬರೀ ಕ್ಯಾಲ್ಸಿಯಂ ನೋಡಿ ತೀರ್ಮಾನ ಮಾಡಲೇಬೇಡಿ, ಎಲ್‌ಎಸ್‌ಎಫ್ (ಲೈಮ್ ಸ್ಯಾಚುರೇಶನ್ ಫ್ಯಾಕ್ಟರ್, ಬೇರೆ ಆಕ್ಸೈಡ್‌ಗಳಿಗೆ ಹೋಲಿಸಿದ್ರೆ ಸುಣ್ಣ ಎಷ್ಟಿದೆ ಅನ್ನೋ ಲೆಕ್ಕ) ಹಾಕಿ: ಸಿಲಿಕಾ×2.8, ಅಲ್ಯುಮಿನಾ×1.2, ಐರನ್ ಆಕ್ಸೈಡ್×0.65 ಕೂಡಿಸಿ, ಅದರಿಂದ ಕ್ಯಾಲ್ಸಿಯಂ ಆಕ್ಸೈಡ್ ಭಾಗಿಸಿ, 100ರಿಂದ ಗುಣಿಸಿ. ಕ್ಯಾಲ್ಸಿಯಂ ಆಕ್ಸೈಡ್ 44, ಸಿಲಿಕಾ 14, ಅಲ್ಯುಮಿನಾ 2.5, ಐರನ್ ಆಕ್ಸೈಡ್ 1.2 ಇದ್ರೆ ಸುಮಾರು 102 ಬರುತ್ತೆ, ಕ್ಯಾಲ್ಸಿಯಂ 42ಕ್ಕಿಳಿದು ಸಿಲಿಕಾ 17 ಆದ್ರೆ, ಉಳಿದೆರಡು ಹಾಗೇ ಇದ್ರೂ 82! ಕ್ಲಿಂಕರ್‌ಗೆ (ಗೂಡಿನಲ್ಲಿ ಸುಟ್ಟು ಬರೋ ಸಿಮೆಂಟ್ ಗಟ್ಟಿ) 92–98 ಬೇಕು, ಕಲ್ಲಿದ್ದಲ ಬೂದಿ ಇನ್ನೂ ಇಳಿಸುತ್ತೆ, ಅದಕ್ಕೆ ಕಲ್ಲಿನಲ್ಲಿ 100 ದಾಟಿರಲಿ. ಮಣ್ಣೇ ಕಾರಣ ಅಂತಾದ್ರೆ ಸಣ್ಣ ಪುಡಿ ಜರಡಿ ಹಿಡಿದು ತೆಗೆದು ಉಳಿದದ್ದನ್ನ ಮತ್ತೆ ಟೆಸ್ಟ್‌ಗೆ ಕೊಡಿ.