ಬಿಚ್ಚಿರದ ಲೇಸ್ ಕಟ್ಟುವವರಿಗೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಸಿಟ್ಟು ಬಂತು, ನಿಮ್ಮ ಮೇಲಲ್ಲ.

ಸಂಗತಿ ಇಷ್ಟು. ಮೈಸೂರಿನವರಾದ ನಿಮಗೆ ಮೂವತ್ತೆಂಟು, ಯಜಮಾನರಿಗೆ ನಲವತ್ತೊಂದು. ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಇಬ್ಬರೂ 21 ಕಿಲೋಮೀಟರಿನ ಅರ್ಧ ಮ್ಯಾರಥಾನ್ ಓಡಬೇಕೆಂದು ಕುಕ್ಕರಹಳ್ಳಿ ಕೆರೆಯ ಸುತ್ತ ಅಭ್ಯಾಸ ನಡೆಸಿದ್ದೀರಿ. ಒಬ್ಬರೇ ಓಡಿದರೆ ಕಿಲೋಮೀಟರಿಗೆ ಏಳು ನಿಮಿಷ ನಿಮಗೆ ಹಿತ, ಅವರಿಗೆ ಐದೂಮುಕ್ಕಾಲು. ಜೊತೆಯಲ್ಲಿ ಆರೂಕಾಲು. 'ನಿನಗೋಸ್ಕರ ವೇಗ ಇಳಿಸಿದ್ದೇನೆ' ಎನ್ನುತ್ತಾರೆ ಅವರು. ನಿಮಗೋ ಭಾನುವಾರದ ಉದ್ದ ಓಟ ನೆನೆದು ಶನಿವಾರ ರಾತ್ರಿಯೇ ಹೊಟ್ಟೆಯಲ್ಲಿ ಸಂಕಟ. ಬೇರೆ ಬೇರೆ ಓಡೋಣ ಎಂದರೆ ನೊಂದುಕೊಳ್ಳುತ್ತಾರೇನೋ ಎಂಬ ಅಳುಕು.

ಇದೆಲ್ಲ ಇರಲಿ. ಕೊನೆಯ ಪುಟದಲ್ಲಿ ಹೋಗುತ್ತಾ ಹೋಗುತ್ತಾ ಒಂದು ಮಾತು ಬರೆದಿದ್ದೀರಿ: 'ಉಸಿರು ಕಟ್ಟಿದಾಗ ಲೇಸ್ ಕಟ್ಟುವ ನೆಪದಲ್ಲಿ ಒಂದೆರಡು ಸಲ ಕೂರುತ್ತೇನೆ, ಅದೇನೂ ದೊಡ್ಡದಲ್ಲ.' ದೊಡ್ಡದೇ ತಾಯೀ! ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡನಿಗೆ 'ಸ್ವಲ್ಪ ನಿಧಾನ' ಎಂಬ ಎರಡು ಪದ ಹೇಳಲಾಗದೆ, ಗಟ್ಟಿಯಾಗಿರುವ ಗಂಟನ್ನು ನೀವೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೀರಿ.

ಇದರಲ್ಲಿ ನನಗೆ ಹೆಚ್ಚು ಸಿಟ್ಟಿರುವುದು ನಿಮ್ಮ ಓಟದ ಬಳಗದ ಆ ಹಿರಿಯರ ಮೇಲೆ. ಪ್ರತಿ ಭಾನುವಾರ ನಿಮ್ಮಿಬ್ಬರ ಫೋಟೋ ತೆಗೆದು, 'ನಮ್ಮ ಜೋಡೆತ್ತು' ಎಂದು ವಾಟ್ಸಾಪಿಗೆ ಹಾಕುತ್ತಾರಂತೆ. ಅವರು ಎತ್ತು ಸಾಕಿದಂತಿಲ್ಲ. ನಮ್ಮ ಮನೆಯಲ್ಲಿದ್ದವು. ನಡಿಗೆ ಹೊಂದದ ಎರಡನ್ನು ಒಂದೇ ನೊಗಕ್ಕೆ ಹೂಡಿದರೆ ಹಿಂದೆ ಬೀಳುವುದರ ಹೆಗಲು ಹುಣ್ಣಾಗುತ್ತದೆ. ಅಪ್ಪ ಜೋಡಿ ಬದಲಿಸುತ್ತಿದ್ದರೇ ಹೊರತು ಎತ್ತನ್ನು ಬೈಯುತ್ತಿರಲಿಲ್ಲ.

ಯಜಮಾನರು ಕೆಟ್ಟವರಲ್ಲ, ನಿಮ್ಮ ನೀರಿನ ಬಾಟಲಿಯನ್ನೂ ಅವರೇ ಹೊರುತ್ತಾರಂತೆ. ಆದರೆ 'ನಾನು ನಿನ್ನ ಪೇಸರ್' ಎನ್ನುವುದನ್ನು ಮಾತ್ರ ಬಿಡಬೇಕು. ಪೇಸರ್ ಎಂದರೆ ಓಡುವವರ ಜೊತೆಗೇ ಓಡುತ್ತಾ ಅವರಿಗೆ ಬೇಕಾದ ವೇಗ ಕಾಯ್ದುಕೊಡುವವರು. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ 41 ಪೇಸರ್‌ಗಳ ತಂಡ ಸರದಿಯಂತೆ ಜೊತೆಗೂಡಿತು. ಅವರೆಲ್ಲರೂ ಓಡಿದ್ದು ಕಿಪ್‌ಚೋಗೆಗೆ ಬೇಕಾದ ವೇಗದಲ್ಲಿ. ನಿಮಗೆ ಬೇಕಾದದ್ದು ಏಳು ನಿಮಿಷ. ಆರೂಕಾಲಕ್ಕೆ ಎಳೆದುಕೊಂಡು ಹೋಗುವುದಕ್ಕೆ ಪೇಸಿಂಗ್ ಎನ್ನುವುದಿಲ್ಲ.

ವಾರದ ಉದ್ದ ಓಟ ನಿಧಾನವಾಗಿಯೇ ಇರಬೇಕು. ದೀರ್ಘ ಹೊತ್ತು ದಣಿಯದಿರುವುದನ್ನು ದೇಹ ಕಲಿಯುವುದು ಆಗಲೇ. ಆ ದಿನವೂ ಏದುಸಿರು ಬಿಟ್ಟರೆ ಸುಸ್ತು ಮುಂದಿನ ವಾರಕ್ಕೂ ಉಳಿಯುತ್ತದೆ, ವೇಗದ ಓಟದ ದಿನ ಕಾಲೇ ಏಳುವುದಿಲ್ಲ. ಅಷ್ಟಕ್ಕೂ ನಿಮ್ಮ ಭಾನುವಾರದ 18 ಕಿಲೋಮೀಟರಿನಲ್ಲಿ ಏಳಕ್ಕೂ ಆರೂಕಾಲಕ್ಕೂ ಇರುವ ವ್ಯತ್ಯಾಸ ಹದಿಮೂರೂವರೆ ನಿಮಿಷ. ಅಷ್ಟರಲ್ಲಿ ಒಂದು ಲೋಟ ಕಾಫಿ ಆರುತ್ತದೆ, ಅಷ್ಟೇ.

 

ಮಾಡಬೇಕಾದದ್ದು ಒಂದೇ. ಬರುವ ಭಾನುವಾರ ಗೇಟಿನ ಬಳಿ ನಿಂತು ಅವರನ್ನು ಎಡಕ್ಕೆ ಕಳಿಸಿ, ನೀವು ಬಲಕ್ಕೆ ಹೊರಡಿ. ಕಿಲೋಮೀಟರ್ ಎಣಿಸಬೇಡಿ, ಇಬ್ಬರಿಗೂ ಎರಡು ಗಂಟೆ. ಅವರು ಹೆಚ್ಚು ದೂರ ಓಡುತ್ತಾರೆ, ನೀವು ಕಡಿಮೆ, ಮುಗಿಸುವುದು ಒಂದೇ ಹೊತ್ತಿಗೆ. ಸುತ್ತಿನಲ್ಲಿ ಮತ್ತೆ ಮತ್ತೆ ಎದುರಾಗುತ್ತೀರಿ. ಇಷ್ಟು ದಿನ ಅವರ ಬೆನ್ನು ನೋಡಿದ್ದು ಸಾಕು. ಎದುರಾದಾಗಲೆಲ್ಲ ಒಂದು ಪೂರ್ತಿ ವಾಕ್ಯ ಹೇಳಿ, ಬೇಕಿದ್ದರೆ ತಿಂಡಿ ಏನೆಂದು ಕೇಳಿ. ನಡುವೆ ಉಸಿರು ತುಂಡಾದರೆ ಇನ್ನೂ ನಿಧಾನಿಸಿ.

ಫೋಟೋ ತೆಗೆಯಲು ಯಾವ ಮೂಲೆಯಲ್ಲಿ ಕಾಯಬೇಕು ಎನ್ನುವುದನ್ನು ಆ ಹಿರಿಯರೇ ಯೋಚಿಸಿಕೊಳ್ಳಲಿ.