ಬಿಸಾಡಿದ ಪಿಕ್ಸೆಲ್ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಅಡಿಕೆ ತೋಟದಲ್ಲಿ ನಡೆಯುವ ಸಣ್ಣ ಮೊಬೈಲ್ ಆಟವೊಂದನ್ನು ರೂಪಿಸುತ್ತಿದ್ದೇನೆ. ಸೋಗೆಯ ಸಂದುಗಳು ಪಾರದರ್ಶಕವಾಗಿ ಕಾಣಲೆಂದು ಶೇಡರ್‌ನಲ್ಲಿ (ಪ್ರತಿ ಪಿಕ್ಸೆಲ್‌ನ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂನಲ್ಲಿ) ಪಿಕ್ಸೆಲ್ ಬಿಸಾಡುವ ‘ಡಿಸ್ಕಾರ್ಡ್’ ಆಜ್ಞೆ ಬಳಸಿದೆ. ಪಿಕ್ಸೆಲ್ ಬಿಸಾಡಿದರೆ ಕೆಲಸ ಕಡಿಮೆಯಾಗಬೇಕಲ್ಲವೇ? ಆಟ ಇನ್ನೂ ನಿಧಾನವಾಯಿತು. ಶೇಡರನ್ನು ಚಿಪ್‌ನ ಭಾಷೆಗೆ ಇಳಿಸುವ, ಡ್ರೈವರ್‌ನ ಕಂಪೈಲರ್ ಇದನ್ನು ಸರಿಪಡಿಸುವುದಿಲ್ಲವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬಿಸಾಡಿದ ಪಿಕ್ಸೆಲ್ ಅಲ್ಲೇ ಮುಗಿಯಿತೆಂದು ನಾನೂ ಬಹಳ ಕಾಲ ನಂಬಿದ್ದೆ. ಗ್ರಾಫಿಕ್ಸ್ ಚಿಪ್ ಪಿಕ್ಸೆಲ್‌ಗಳನ್ನು ಒಂಟಿಯಾಗಿ ಎತ್ತಿಕೊಳ್ಳುವುದಿಲ್ಲ, ನಾಲ್ಕರ ಚೌಕವಾಗಿ ಎತ್ತಿಕೊಳ್ಳುತ್ತದೆ. ಪಕ್ಕದವರ ವ್ಯತ್ಯಾಸ ನೋಡಿಯೇ ದೂರದ ಸೋಗೆಗೆ ಎಷ್ಟು ಸಣ್ಣ ಚಿತ್ರ ಸಾಕೆಂದು ಅದು ನಿರ್ಧರಿಸುವುದು. ಒಬ್ಬರು ಎದ್ದುಹೋದರೆ ಉಳಿದವರ ಲೆಕ್ಕ ಕೆಡುತ್ತದೆ. ಹಾಗಾಗಿ ಕಂಪೈಲರ್ ಆ ಪಿಕ್ಸೆಲ್‌ನ ಬರೆಯುವ ಹಕ್ಕನ್ನು ಕಿತ್ತುಕೊಂಡು, ಲೆಕ್ಕಕ್ಕೆ ಮಾತ್ರ ಕೂರಿಸಿಕೊಳ್ಳಬಹುದು. ಆಟಗಳು ಗ್ರಾಫಿಕ್ಸ್ ಚಿಪ್‌ನೊಡನೆ ಮಾತಾಡಲು ಬಳಸುವ ವಲ್ಕನ್ ಎಂಬ ಮಾನದಂಡದಲ್ಲಿ ಇದರ ಹೆಸರೇ ‘ಡಿಮೋಟ್’ (ಹಿಂಬಡ್ತಿ), 2022ರ 1.3 ಆವೃತ್ತಿಯಲ್ಲಿ ಅದು ಮೂಲ ಭಾಗವಾಯಿತು.

ಕಂಪೈಲರ್ ಸುಮ್ಮನೆ ಕೂತಿಲ್ಲ. ಬೆಳಕು, ನೆರಳು ಎಲ್ಲ ಲೆಕ್ಕ ಹಾಕಿ ಕೊನೆಗೆ ನೀವು ಡಿಸ್ಕಾರ್ಡ್ ಬರೆದಿದ್ದರೆ, ಲಿನಕ್ಸ್‌ನ ಮೆಸಾದಂಥ ಡ್ರೈವರ್‌ಗಳು ಅದನ್ನು ಶೇಡರ್‌ನ ಮೇಲಿನ ಸಾಲುಗಳಿಗೆ ಎಳೆದುಕೊಳ್ಳಲು ನೋಡುತ್ತವೆ. ನಡುವೆ ಮೆಮೊರಿಗೆ ಏನಾದರೂ ಬರೆದಿದ್ದರೆ ಮಾತ್ರ ದಾಟುವಂತಿಲ್ಲ. ಎಎಮ್‌ಡಿ ಚಿಪ್‌ಗಳಲ್ಲಿ 32 ಅಥವಾ 64 ಪಿಕ್ಸೆಲ್‌ಗಳು ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಎಲ್ಲವೂ ಬಿಸಾಡಲ್ಪಟ್ಟರೆ ನೇರ ಕೊನೆಗೆ ಜಿಗಿಯಬಹುದು. ಒಂದು ಉಳಿದರೂ ಪಂಕ್ತಿ ಏಳುವಂತಿಲ್ಲ. ಸೋಗೆಯ ಸಣ್ಣ ಸಂದುಗಳಲ್ಲಿ ಯಾರಾದರೊಬ್ಬರು ಉಳಿದೇ ಉಳಿಯುತ್ತಾರೆ. ಬಾಳೆ ಎಲೆಯಾಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿರುತ್ತಿತ್ತು!

ಮೊಬೈಲ್‌ನಲ್ಲಿ ನನ್ನ ಗುಮಾನಿ ಮಾತ್ರ ಬೇರೆಯದರ ಮೇಲೆ. ಮರೆಯಾಗುವ ಪಿಕ್ಸೆಲ್‌ಗಳನ್ನು ಬಣ್ಣ ಹಚ್ಚುವ ಮೊದಲೇ ಕೈಬಿಡುವುದು ಅಲ್ಲಿನ ಅನೇಕ ಚಿಪ್‌ಗಳ ಜಾಣತನ. ಡಿಸ್ಕಾರ್ಡ್ ಇದ್ದರೆ ಸೋಗೆ ಹಿಂದಿನದನ್ನು ಮರೆಮಾಡುತ್ತದೋ ಇಲ್ಲವೋ ಎಂಬುದು ಶೇಡರ್ ಓಡುವವರೆಗೆ ತಿಳಿಯುವುದೇ ಇಲ್ಲ. ಕಂಪೈಲರ್ ಬಳಿ ಇದಕ್ಕೆ ಮದ್ದಿಲ್ಲ. ಆ ಸಾಲು ಒಮ್ಮೆಯೂ ಓಡದಿದ್ದರೂ, ಶೇಡರ್‌ನಲ್ಲಿ ಇದೆ ಎಂಬುದೇ ಚಿಪ್ ಹಿಂಜರಿಯಲು ಸಾಕು. ಒಮ್ಮೆ ಬರಿಯ ಗೋಡೆಯೊಂದು ಏಕೆ ನಿಧಾನವೆಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಎಲೆಗಳಿಗೆ ಬರೆದ ಶೇಡರನ್ನೇ ಗೋಡೆಗೂ ಹಚ್ಚಿದ್ದೆ.

ಕಾಂಡ, ಗೊನೆ, ನೆಲಕ್ಕೆ ಡಿಸ್ಕಾರ್ಡ್ ಇಲ್ಲದ ಬೇರೆ ಶೇಡರ್ ಕೊಡಿ, ಅವುಗಳನ್ನೇ ಮೊದಲು ಬಿಡಿಸಿ. ಸೋಗೆಯ ಚೌಕಟ್ಟನ್ನು ಎಲೆಯ ಆಕಾರಕ್ಕೆ ಹತ್ತಿರವಾಗಿ ಕತ್ತರಿಸಿ, ಕೊನೆಯಲ್ಲಿ ಬಿಡಿಸಿ. ಬಿಸಾಡಬೇಕೋ ಬೇಡವೋ ಎಂಬ ಪಾರದರ್ಶಕತೆಯ ಪರೀಕ್ಷೆಯನ್ನು ಶೇಡರ್‌ನ ಆರಂಭದಲ್ಲಿ ನೀವೇ ಬರೆಯಿರಿ.