ಬೆಳಿಗ್ಗೆ ಗಟ್ಟಿ ಇದ್ದ ಹಿಮ ಮಧ್ಯಾಹ್ನಕ್ಕೂ ನಂಬಬಹುದಾ?

ಬೆಳಿಗ್ಗೆ ಗಟ್ಟಿಯಾಗಿದ್ದ ಇಳಿಜಾರಲ್ಲೇ ಮಧ್ಯಾಹ್ನ ಎರಡಕ್ಕೆ ವಾಪಸ್ ಇಳಿಯಬಹುದಾ ಅಂತ ಕೇಳಿದ್ದೀರಿ. ಬೇಡ. ವಸಂತದಲ್ಲಿ ಆ ಗಟ್ಟಿತನ ರಾತ್ರಿಯ ಚಳಿಯಿಂದ ಬಂದದ್ದು, ಬಿಸಿಲೇರಿದಂತೆ ಮೇಲಿನ ಹೆಪ್ಪು ಕರಗಿ ನೀರು ಒಳಗಿಳಿಯುತ್ತದೆ, ಹರಳುಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಆಮೇಲೆ ಇಡೀ ಪದರವೇ ಜಾರಬಹುದು. 30ರಿಂದ 45 ಡಿಗ್ರಿ ಇಳಿಜಾರಲ್ಲಿ ಈ ಅಪಾಯ ಜಾಸ್ತಿ. ಪೂರ್ವಕ್ಕೆ ಮುಖ ಮಾಡಿದ ಕಡೆ ಮೊದಲು ಮೆತ್ತಗಾಗುತ್ತದೆ, ಪಶ್ಚಿಮದ ಕಡೆ ತಡವಾಗಿ.

ಸುಮ್ನೆ ಗಡಿಯಾರ ನೋಡಿಕೊಂಡು ಕೂರಬೇಡಿ, ಕಾಲಡಿ ನೋಡಿ. ಬೂಟು ಕಣಕಾಲು ದಾಟಿ ಹೂತುಹೋಗುತ್ತಿದ್ದರೆ, ಅಥವಾ ಮೇಲಿಂದ ಪುಟ್ಟ ಹಿಮದುಂಡೆಗಳು ಉರುಳುತ್ತಾ ಬಸವನಹುಳದ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡು ದಪ್ಪವಾಗುತ್ತಿದ್ದರೆ, ಆಗಲೇ ತಡವಾಗಿದೆ, ಕಡಿಮೆ ಇಳಿಜಾರಿನ ಕಡೆ ಸರಿಯಿರಿ.

ಇನ್ನೊಂದು ವಿಷಯ, ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ: ರಾತ್ರಿ ಮೋಡ ಕವಿದಿತ್ತಾ? ಮೋಡ ಇದ್ದರೆ ಹಿಮದ ಶಾಖ ಆಕಾಶಕ್ಕೆ ಸರಿಯಾಗಿ ಹೋಗುವುದಿಲ್ಲ, ಮೇಲೆ ತೆಳು ಹೆಪ್ಪು, ಕೆಳಗೆಲ್ಲಾ ಒದ್ದೆ. ಅಂಥ ದಿನ ಬೆಳಿಗ್ಗೆಯೂ ನಂಬುವ ಹಾಗಿಲ್ಲ. ರಾತ್ರಿ ಮಳೆ ಬಿದ್ದಿದ್ದರಂತೂ ಹೊರಡಲೇಬೇಡಿ. ಹಾಂ, ಶಿಖರದಂಚಿಂದ ಹೊರಗೆ ಚಾಚಿದ ಹಿಮದ ಕೆಳಗೆ ವಿಶ್ರಾಂತಿಗೆ ಕೂರಬೇಡಿ, ಬಿಸಿಲಿಗೆ ಅದೂ ಮುರಿದು ಬೀಳುತ್ತದೆ.